ಯಂತ್ರದ ನಾಡಿಬಡಿತ

ಬಟ್ಟೆ ಒಗೆಯುವ ಯಂತ್ರ, ವಿದ್ಯುತ್ ಮೀಟರು, ಮಕ್ಕಳ ಆಟದ ಕಾರು—ಇವುಗಳ ಒಡಲಲ್ಲಿ ಅಡಗಿರುವ ಪುಟ್ಟ ಮೈಕ್ರೋಕಂಟ್ರೋಲರಿಗೂ ನಾಡಿಯುಂಟು. ಆಂದೋಲಕವೆಂಬ ಅಂಗವು ಎಬ್ಬಿಸುವ ವಿದ್ಯುತ್ ಮಿಡಿತಗಳೇ ಆ ನಾಡಿ. ಪ್ರತಿಯೊಂದು ಲೆಕ್ಕವೂ ಈ ತಾಳಕ್ಕೆ ಅನುಸಾರವಾಗಿಯೇ ನಡೆಯತಕ್ಕದ್ದು.

ತಾಳ ಚುರುಕಾದಷ್ಟೂ ಕೆಲಸ ಬೇಗ ಮುಗಿಯುತ್ತದೆ, ನಿಜ. ವಿದ್ಯುತ್ತಿನ ವೆಚ್ಚವೂ ಏರುತ್ತದೆ. ಬ್ಯಾಟರಿಯನ್ನೇ ನೆಚ್ಚಿದ ಉಪಕರಣಕ್ಕೆ ಇದು ಆಯುಷ್ಯದ ಪ್ರಶ್ನೆ. ಆದುದರಿಂದ ಕೆಲಸವಿರುವಾಗ ವೇಗ, ಇಲ್ಲದಾಗ ಮಂದಗತಿ ಎಂಬುದೇ ಜಾಣತನ. ಮೈಕ್ರೋಚಿಪ್ ಸಂಸ್ಥೆಯ ಪಿಕ್ 18ಎಫ್4520 ಎಂಬ ಚಿಪ್ಪಿನಲ್ಲಿ, ಒಳಗಣ ಆಂದೋಲಕಗಳಿಂದಲೇ ಸೆಕೆಂಡಿಗೆ 31 ಸಾವಿರದಿಂದ 80 ಲಕ್ಷದವರೆಗೆ ಎಂಟು ಬಗೆಯ ಗತಿಗಳನ್ನು ಆರಿಸಬಹುದು. ಹೆಚ್ಚಿನ ನಿಖರತೆ ಬೇಕಾದಲ್ಲಿ ಹೊರಗೆ ಸ್ಫಟಿಕವೊಂದನ್ನು ಜೋಡಿಸುತ್ತಾರೆ.

ಆದರೆ ಗತಿ ಬದಲಿಸುವ ಗಳಿಗೆಯೇ ಅಪಾಯದ ಗಳಿಗೆ. ಎರಡು ತಾಳಗಳ ನಡುವೆ ಅರೆಬರೆ ಮಿಡಿತವೊಂದು ನುಸುಳಿದರೂ ಲೆಕ್ಕ ಹಾದಿ ತಪ್ಪೀತು. ಸ್ಫಟಿಕವಾದರೋ ಒಡನೆಯೇ ಸ್ಥಿರಗೊಳ್ಳದು. ಆದಕಾರಣ ಚಿಪ್ಪು ಅದರ 1024 ಮಿಡಿತಗಳನ್ನು ಎಣಿಸಿದ ಬಳಿಕವೇ ಅದನ್ನು ನಂಬುತ್ತದೆ. ಅಲ್ಲಿಯವರೆಗೆ ಒಳಗಣ ಆಂದೋಲಕದಿಂದಲೇ ಕೆಲಸ ಸಾಗಿಸಬಲ್ಲುದು. ಬದಲಾವಣೆಯ ವೇಳೆ, ಹಳೆಯ ತಾಳದ ಎರಡು ಮತ್ತು ಹೊಸದರ ಮೂರು-ನಾಲ್ಕು ಮಿಡಿತಗಳಷ್ಟು ಕಾಲ ಸ್ತಬ್ಧವಾಗಿ, ಅನಂತರ ಮುನ್ನಡೆಯುತ್ತದೆ. ಸ್ಫಟಿಕವು ನಡುವೆ ನಿಂತುಹೋದರೆ? ಕಾವಲು ವ್ಯವಸ್ಥೆಯನ್ನು ಮೊದಲೇ ನೇಮಿಸಿದ್ದರೆ, ಅದು ಹೊಣೆಯನ್ನು ಒಳಗಣ ಆಂದೋಲಕಕ್ಕೆ ಒಪ್ಪಿಸುತ್ತದೆ.

ಹಾಗೆಂದು ಎಲ್ಲವನ್ನೂ ಚಿಪ್ಪಿಗೇ ಬಿಡುವಂತಿಲ್ಲ. ಗತಿಯನ್ನು 80 ಲಕ್ಷದಿಂದ 10 ಲಕ್ಷಕ್ಕೆ ಇಳಿಸಿದರೆ, ಅದೇ ಮಿಡಿತಗಳನ್ನೆಣಿಸಿ ಅಳೆದ ಒಂದು ನಿಮಿಷವು ಎಂಟು ನಿಮಿಷವಾಗುತ್ತದೆ. ಆ ಎಣಿಕೆಯನ್ನು ತಿದ್ದಬೇಕಾದವನು ಆದೇಶಗಳನ್ನು ಬರೆಯುವ ಮನುಷ್ಯನೇ. ಮಿಡಿತ ಯಂತ್ರದ್ದು, ಕಾಲಪ್ರಜ್ಞೆ ಅವನದು.