ಸರೋವರದ ತಡಿಯಲ್ಲಿ ಸಾಕುನಾಯಿಯೊಡನೆ

ಸ್ವರ್ಗದ ಬಾಗಿಲವರೆಗೆ ತನ್ನನ್ನು ಹಿಂಬಾಲಿಸಿ ಬಂದ ನಾಯಿಯನ್ನು ಹೊರಗೆ ಬಿಟ್ಟು ಒಳಗೆ ಕಾಲಿಡಲು ಧರ್ಮರಾಯ ಒಪ್ಪಲಿಲ್ಲ. ಈ ಕಥೆಯನ್ನು ಕೇಳಿ ಬೆಳೆದವರಿಗೆ, ವಿಹಾರಕ್ಕೆ ಹೊರಟ ಸಂಸಾರವೊಂದು ನಾಯಿಯನ್ನೂ ಕರೆದೊಯ್ಯಬೇಕೆಂದು ಹಟ ಹಿಡಿದರೆ ಆಶ್ಚರ್ಯವೆನಿಸಲಾರದು. ಉತ್ತರ ಅಮೆರಿಕೆಯಲ್ಲಂತೂ ಇದು ಹಟವಲ್ಲ, ವಾಡಿಕೆ. ಬೇಸಗೆಯ ರಜೆ ಬಂದೊಡನೆ ಡೇರೆ, ಹಾಸಿಗೆ, ಅಡಿಗೆಯ ಒಲೆ ಇವುಗಳೊಂದಿಗೆ ನಾಯಿಯೂ ಕಾರನ್ನೇರುತ್ತದೆ. ಡೆಟ್ರಾಯಿಟ್, ಷಿಕಾಗೊ ಮುಂತಾದ ನಗರಗಳಲ್ಲಿ ನೆಲೆಸಿದ ಕನ್ನಡಿಗರಿಗೂ, ಮಗನ ಮನೆಗೋ ಮಗಳ ಮನೆಗೋ ಹೋಗಿ ಬೇಸಗೆಯನ್ನು ಕಳೆಯುವ ಅವರ ತಾಯಿತಂದೆಯರಿಗೂ ಈ ನೋಟ ಹೊಸದಲ್ಲ.

ಆ ಕಾರುಗಳು ಹೆಚ್ಚಾಗಿ ಮುಖ ಮಾಡುವುದು ಮಹಾಸರೋವರಗಳ ಕಡೆಗೆ. ಭೂಮಿಯ ಮೇಲ್ಮೈಯಲ್ಲಿರುವ ದ್ರವರೂಪದ ಸಿಹಿನೀರಿನ ಸುಮಾರು ಐದರಲ್ಲೊಂದು ಪಾಲು ಈ ಐದು ಸರೋವರಗಳಲ್ಲಿದೆ. ಅವುಗಳಲ್ಲೊಂದಾದ ಮಿಷಿಗನ್ ಸರೋವರದ ವಿಸ್ತೀರ್ಣ ಸುಮಾರು ೫೮,೦೦೦ ಚದರ ಕಿಲೋಮೀಟರು. ಕರ್ನಾಟಕದ ಮೂರರಲ್ಲೊಂದು ಪಾಲಿಗೆ ತುಸು ಕಡಿಮೆ. ಎದುರು ದಡ ಕಾಣುವುದಿಲ್ಲ, ಅಲೆಗಳು ಮೊರೆಯುತ್ತವೆ, ಕಾಲಡಿಯಲ್ಲಿ ಕಡಲತೀರದ ಮರಳು. ಬಾಯಿಗೆ ನೀರು ಹಾಕಿಕೊಂಡಾಗ ಮಾತ್ರ ಇದು ಕಡಲಲ್ಲವೆಂದು ತಿಳಿಯುತ್ತದೆ. ಮರಳಿನ ಹಿಂದೆಯೇ ಬೀಚ್, ಮೇಪಲ್, ಪೈನ್ ಮರಗಳ ಕಾಡು. ನೀರು, ಮರಳು, ಕಾಡು ಮೂರೂ ಒಂದೆಡೆ ಸೇರಿರುವಲ್ಲಿ ಡೇರೆ ಹಾಕಲು ಯಾರಿಗೆ ಆಸೆಯಾಗದು?

ಆಸೆಯೇನೋ ಸರಿ. ಆದರೆ ನಾಯಿಯೊಡನೆ ಹೋಗುವವರು ಎಡವುವುದು ಒಂದೇ ಒಂದು ಮಾತಿನ ಮೇಲೆ. ‘ಸಾಕುಪ್ರಾಣಿಗಳಿಗೆ ಪ್ರವೇಶವುಂಟು’ ಎಂಬ ಆ ಮಾತು ಶಿಬಿರತಾಣಕ್ಕೆ ಅನ್ವಯಿಸುತ್ತದೆಯೇ ಹೊರತು ಸುತ್ತಲಿನ ಸಕಲ ಪ್ರದೇಶಕ್ಕೂ ಅಲ್ಲ. ಡೇರೆಯ ಬಳಿ ನಾಯಿಗೆ ಸ್ವಾಗತವಿರಬಹುದು. ಅಲ್ಲಿಂದ ನಾಲ್ಕು ಹೆಜ್ಜೆ ದೂರದ ಮರಳಿನಲ್ಲಿ ನಿಷೇಧವಿರಬಹುದು. ತಾಣವನ್ನು ಆರಿಸುವುದೆಂದರೆ ಈ ವ್ಯತ್ಯಾಸವನ್ನು ಮೊದಲೇ ಅರಿಯುವುದು.

ಮಲಗಿದ ಕರಡಿ

ಮಿಷಿಗನ್ ರಾಜ್ಯದ ವಾಯವ್ಯ ತೀರದಲ್ಲಿರುವ ‘ಸ್ಲೀಪಿಂಗ್ ಬೇರ್ ಡ್ಯೂನ್ಸ್’ ರಾಷ್ಟ್ರೀಯ ಸರೋವರತೀರ ಇದಕ್ಕೆ ಒಳ್ಳೆಯ ನಿದರ್ಶನ. ೧೯೭೦ರಲ್ಲಿ ಸ್ಥಾಪನೆಯಾದ ಈ ರಕ್ಷಿತ ಪ್ರದೇಶ ದಡದುದ್ದಕ್ಕೂ ಸುಮಾರು ೫೬ ಕಿಲೋಮೀಟರು ಹಬ್ಬಿದೆ. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನ ಹೇಳುವ ಕಥೆಯಿಂದ ಅದಕ್ಕೆ ಆ ಹೆಸರು. ಎದುರು ದಡದ ವಿಸ್ಕಾನ್ಸಿನ್ ಕಾಡಿಗೆ ಬೆಂಕಿ ಬಿದ್ದಾಗ ತಾಯಿಕರಡಿಯೊಂದು ಎರಡು ಮರಿಗಳೊಡನೆ ಸರೋವರವನ್ನು ಈಜತೊಡಗಿತಂತೆ. ತಾಯಿ ದಡ ಮುಟ್ಟಿತು, ಮರಿಗಳು ಮುಟ್ಟಲಿಲ್ಲ. ಮರಿಗಳು ಮುಳುಗಿದಲ್ಲಿ ಎರಡು ಮ್ಯಾನಿಟೂ ದ್ವೀಪಗಳೆದ್ದವು. ಕಾಯುತ್ತ ಮಲಗಿದ ತಾಯಿ ಮರಳುದಿಬ್ಬವಾಯಿತು.

ಇಲ್ಲಿ ಕಾರು ಹೋಗುವ ದೊಡ್ಡ ಶಿಬಿರತಾಣಗಳು ಎರಡು. ‘ಪ್ಲ್ಯಾಟ್ ರಿವರ್’ ತಾಣದಲ್ಲಿ ವಿದ್ಯುತ್ತೂ ಬಿಸಿನೀರಿನ ಸ್ನಾನಗೃಹಗಳೂ ಇವೆ. ವಯಸ್ಸಾದವರು, ಎಳೆಯ ಮಕ್ಕಳು ಜೊತೆಗಿದ್ದರೆ ಇದೇ ಅನುಕೂಲ. ‘ಡಿ. ಎಚ್. ಡೇ’ ತಾಣದಲ್ಲಿ ಈ ಸೌಕರ್ಯಗಳಿಲ್ಲ. ಮರಗಳ ನೆರಳು, ನಿಶ್ಶಬ್ದ, ಸಮೀಪದಲ್ಲೇ ಸರೋವರದ ದಡ, ಇವೇ ಅಲ್ಲಿನ ಸಂಪತ್ತು. ಎರಡರಲ್ಲೂ ಸಾಮಾನ್ಯ ಬಿಡಾರಗಳಿಗೆ ನಾಯಿಯನ್ನು ಕರೆತರಬಹುದು. ಆದರೆ ಪ್ರವಾಸಿಗರೆಲ್ಲರೂ ಹತ್ತಿಳಿಯುವ ಸುಪ್ರಸಿದ್ಧ ಮರಳುಗುಡ್ಡದ ಮೇಲೆ ನಾಯಿಗೆ ಪ್ರವೇಶವಿಲ್ಲ. ಮ್ಯಾನಿಟೂ ದ್ವೀಪಗಳಿಗೂ ಇಲ್ಲ. ತೀರದ ಕೆಲವು ಭಾಗಗಳಲ್ಲಿಯೂ ಇಲ್ಲ. ಅನುಮತಿಯಿರುವೆಡೆಯಲ್ಲಿ ಕೂಡ ಕೊರಳಿನ ಹಗ್ಗ ಆರು ಅಡಿಗಿಂತ ಉದ್ದವಿರಕೂಡದು. ಈ ಆರಡಿಯ ನಿಯಮ ಅಮೆರಿಕೆಯ ಎಲ್ಲ ರಾಷ್ಟ್ರೀಯ ಉದ್ಯಾನಗಳಿಗೂ ಸಾಮಾನ್ಯವಾದುದು.

ಮರಳಿನ ಬಣ್ಣದ ಹಕ್ಕಿ

ತೀರದಲ್ಲಿ ಇಷ್ಟೊಂದು ಕಟ್ಟುನಿಟ್ಟೇಕೆ? ಉತ್ತರ ಒಂದು ಪುಟ್ಟ ಹಕ್ಕಿಯಲ್ಲಿದೆ. ಅದರ ಹೆಸರು ಪೈಪಿಂಗ್ ಪ್ಲವರ್. ನಮ್ಮ ಟಿಟ್ಟಿಭದ ಬಳಗಕ್ಕೆ ಸೇರಿದುದು. ತೂಕ ಐವತ್ತು ಗ್ರಾಮಿನ ಆಸುಪಾಸು; ಬಣ್ಣ ಒಣಮರಳಿನದು. ಪಂಚತಂತ್ರದ ಟಿಟ್ಟಿಭ ಕಡಲ ದಡದಲ್ಲಿ ಮೊಟ್ಟೆಯಿಟ್ಟು ಕಳೆದುಕೊಂಡಂತೆ, ಇದೂ ಬಯಲು ತೀರದಲ್ಲಿಯೇ ಮೊಟ್ಟೆಯಿಡುತ್ತದೆ. ಗೂಡೆಂದರೆ ಹರಳುಗಳ ನಡುವೆ ಕೆರೆದ ಒಂದು ತಗ್ಗು, ಅಷ್ಟೆ. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ.

ಹಿಂದೆ ಮಹಾಸರೋವರಗಳ ತೀರದಲ್ಲಿ ಇಂಥ ಐನೂರಕ್ಕೂ ಹೆಚ್ಚು ಜೋಡಿಗಳಿದ್ದವೆಂದು ಅಂದಾಜು. ದಡದಲ್ಲಿ ಮನೆಗಳೆದ್ದವು, ವಿಹಾರಿಗಳು ಹೆಚ್ಚಿದರು, ಹಕ್ಕಿಗಳು ಕರಗಿದವು. ೧೯೮೬ರಲ್ಲಿ ಅವುಗಳಿಗೆ ಅಳಿವಿನಂಚಿನ ಜೀವಿಗಳೆಂಬ ಕಾನೂನಿನ ರಕ್ಷಣೆ ದೊರೆಯಿತು. ಆದರೂ ೧೯೯೦ರ ವೇಳೆಗೆ ಉಳಿದವು ಹನ್ನೆರಡು ಜೋಡಿಗಳ ಸುಮಾರು. ಅಂದಿನಿಂದ ಗೂಡಿನ ಸುತ್ತ ತಂತಿಯ ಬೇಲಿ ಕಟ್ಟಿ, ತೊರೆದ ಮೊಟ್ಟೆಗಳಿಗೆ ಕಾವು ಕೊಟ್ಟು ಮರಿಗಳನ್ನು ಸಾಕಿ ಬಿಡುತ್ತ ಬಂದುದರಿಂದ ೨೦೨೩ರಲ್ಲಿ ಸಂಖ್ಯೆ ಎಂಬತ್ತು ಜೋಡಿಗಳಿಗೆ ಏರಿತು. ಅವುಗಳಲ್ಲಿ ದೊಡ್ಡ ಪಾಲು ಗೂಡು ಮಾಡುವುದು ಸ್ಲೀಪಿಂಗ್ ಬೇರ್‌ನ ಮರಳಿನಲ್ಲಿಯೇ.

ಈ ಹಕ್ಕಿಯ ಕಣ್ಣಿಗೆ ನಾಯಿ, ಅದೆಷ್ಟೇ ಸಾಧುವಾಗಿರಲಿ, ನರಿಯ ಅಣ್ಣನೇ. ನಾಯಿ ಬಾಯಿ ಹಾಕಬೇಕಾಗಿಲ್ಲ; ಸಮೀಪ ಸುಳಿದರೂ ತಾಯಿ ಕಾವು ಬಿಟ್ಟೇಳುತ್ತದೆ. ಬಿಸಿಲಿನಲ್ಲಿ, ಗಾಳಿಯಲ್ಲಿ ಬಿದ್ದ ಮೊಟ್ಟೆ ಕೆಡುತ್ತದೆ. ಹೊರಬಂದ ಮರಿಗಳು ಕೆಲವೇ ತಾಸುಗಳಲ್ಲಿ ಓಡಾಡಬಲ್ಲವಾದರೂ ರೆಕ್ಕೆ ಬಲಿತು ಹಾರಲು ಮೂರು ನಾಲ್ಕು ವಾರ ಬೇಕು. ಈ ದಿನಗಳೇ ಜನ ನಾಯಿಗಳೊಡನೆ ತೀರಕ್ಕೆ ಬರುವ ದಿನಗಳೂ ಹೌದು. ಉಳಿದಿರುವುದೇ ಇಷ್ಟು ಕಡಿಮೆ ಜೋಡಿಗಳೆಂದಾಗ, ಹಗ್ಗ ಕಳಚಿದ ಐದು ನಿಮಿಷದ ಸಂತೋಷಕ್ಕೆ ಒಂದು ಗೂಡಿನ ಬೆಲೆ ತೆರಬೇಕಾದೀತು.

ಎರಡಕ್ಕೂ ಎಡೆ ಮಾಡಿಕೊಡಲು ಸಾಧ್ಯವೆಂಬುದಕ್ಕೆ ಷಿಕಾಗೊ ನಗರದ ಮಾಂಟ್ರೋಸ್ ತೀರವೇ ಸಾಕ್ಷಿ. ಅಲ್ಲಿ ನಾಯಿಗಳಿಗೆಂದೇ ಬೇರೆಯಾದ ದಡವೊಂದಿದೆ. ಅದೇ ತೀರದ ಇನ್ನೊಂದು ಭಾಗದಲ್ಲಿ ೨೦೧೯ರಲ್ಲಿ ಪ್ಲವರ್ ಜೋಡಿಯೊಂದು ದಶಕಗಳ ನಂತರ ಗೂಡು ಮಾಡಿ ಮರಿಗಳನ್ನು ಹಾರಿಸಿತು. ಜನ ಆ ಜೋಡಿಗೆ ಮಾಂಟಿ, ರೋಸ್ ಎಂದು ಹೆಸರಿಟ್ಟರು.

ಆಯ್ಕೆಯ ಬಗೆ

ಸರೋವರದ ದಡದಲ್ಲಿ ಡೇರೆ ಹಾಕುವ ಜಾಗಗಳನ್ನು ಬೇರೆ ಬೇರೆ ಇಲಾಖೆಗಳು ನೋಡಿಕೊಳ್ಳುತ್ತವೆ. ಒಂದೊಂದರ ಕಟ್ಟಳೆ ಒಂದೊಂದು ಬಗೆ. ಸುಪೀರಿಯರ್ ಸರೋವರದ ದಡದ ‘ಪಿಕ್ಚರ್ಡ್ ರಾಕ್ಸ್’ ಕೂಡ ರಾಷ್ಟ್ರೀಯ ಸರೋವರತೀರವೇ. ಅಲ್ಲಿ ಕಾರು ಹೋಗುವ ಮೂರು ತಾಣಗಳಿಗೆ ನಾಯಿ ಬರಬಹುದು. ಕಾಲ್ನಡೆಯಲ್ಲಿ ಹೋಗುವ ಒಳಕಾಡಿನ ತಾಣಗಳಿಗೆ ಬರುವಂತಿಲ್ಲ. ಮಿಷಿಗನ್ ರಾಜ್ಯದ ಉದ್ಯಾನಗಳಲ್ಲಿ ಡೇರೆಯ ಬಳಿ ಇರಬಹುದಾದರೂ ಜನ ಈಜಲೆಂದು ಗುರುತುಮಾಡಿದ ದಡಕ್ಕೆ ಇಳಿಯುವಂತಿಲ್ಲ. ರಾಷ್ಟ್ರೀಯ ಅರಣ್ಯಗಳಲ್ಲಿ ಕಟ್ಟುಪಾಡು ಸಾಮಾನ್ಯವಾಗಿ ಸಡಿಲ. ಆದುದರಿಂದ ಕಾಡಿನ ದಾರಿಯಲ್ಲಿ ನಾಯಿಯೊಡನೆ ಬಹುದೂರ ನಡೆಯಬೇಕೆನ್ನುವವರಿಗೆ ಅರಣ್ಯದ ತಾಣವೇ ಲೇಸು. ಮರಳುದಿಬ್ಬ, ದ್ವೀಪಗಳನ್ನು ನೋಡಬೇಕೆನ್ನುವವರು ಸರದಿಯ ಮೇಲೆ ಒಬ್ಬರನ್ನು ನಾಯಿಯೊಡನೆ ಬಿಡಲು ಸಿದ್ಧರಾಗಿರಬೇಕು.

ಸರದಿಯ ಮಾತು ಸಣ್ಣದಲ್ಲ. ನಾಯಿಯನ್ನು ಡೇರೆಯ ಬಳಿ ಒಂಟಿಯಾಗಿ ಕಟ್ಟಿಹೋಗಲು ಉದ್ಯಾನಗಳಲ್ಲಿ ಅವಕಾಶವಿಲ್ಲ. ಕಾರಿನಲ್ಲಿ ಕೂಡಿಹಾಕುವುದು ಅದಕ್ಕಿಂತಲೂ ಕೆಟ್ಟದ್ದು. ಹೊರಗೆ ೨೪ ಡಿಗ್ರಿ ಸೆಲ್ಸಿಯಸ್ ಇರುವ ಹಿತವಾದ ದಿನದಲ್ಲಿಯೂ ಮುಚ್ಚಿದ ಕಾರಿನೊಳಗಿನ ಉಷ್ಣತೆ ಹತ್ತು ನಿಮಿಷಗಳಲ್ಲಿ ೩೪ಕ್ಕೂ, ಅರ್ಧ ಗಂಟೆಯಲ್ಲಿ ೪೩ಕ್ಕೂ ಏರಬಲ್ಲದು. ಮನುಷ್ಯನಂತೆ ಮೈಯೆಲ್ಲ ಬೆವರಿ ತಣಿಯುವ ಭಾಗ್ಯ ನಾಯಿಗಿಲ್ಲ.

ಕಾಡು ನೀರುಗಳ ಎಚ್ಚರ

ನಮ್ಮ ಮಲೆನಾಡಿನವರು ಉಣುಗು ಎನ್ನುವ ರಕ್ತಹೀರುವ ಜೀವಿಯ ಬಂಧುಗಳು ಈ ಕಾಡುಗಳಲ್ಲೂ ಇವೆ. ಲೈಮ್ ಎಂಬ ರೋಗವನ್ನು ನಾಯಿಗೂ ಮನುಷ್ಯರಿಗೂ ತರುತ್ತವೆ. ಹೊರಡುವ ಮುನ್ನ ಪಶುವೈದ್ಯರಿಂದ ಔಷಧಿ ಪಡೆಯುವುದೂ, ಪ್ರತಿ ಸಂಜೆ ಕಿವಿಯ ಹಿಂದೆ, ಕೊರಳಪಟ್ಟಿಯ ಕೆಳಗೆ, ಬೆರಳುಗಳ ಸಂದಿಯಲ್ಲಿ ತಡವಿ ನೋಡುವುದೂ ಅಗತ್ಯ. ‘ಪಾಯಿಸನ್ ಐವಿ’ ಎಂಬ ಬಳ್ಳಿಯ ಎಣ್ಣೆ ನಾಯಿಯ ತುಪ್ಪಳಕ್ಕೆ ಅಂಟಿ ಬಂದು, ಅದನ್ನು ಮುದ್ದಿಸಿದ ಮಕ್ಕಳ ಮೈಯಲ್ಲಿ ತುರಿಗುಳ್ಳೆಗಳನ್ನೆಬ್ಬಿಸುತ್ತದೆ.

ನೀರಿನಲ್ಲಿ ಹೆದರಬೇಕಾದದ್ದು ಹಸಿರು ಬಣ್ಣ ಚೆಲ್ಲಿದಂತೆ ತೇಲುವ ಪಾಚಿಗೆ. ೨೦೧೪ರ ಆಗಸ್ಟಿನಲ್ಲಿ ಈರಿ ಸರೋವರದಲ್ಲಿ ಬೆಳೆದ ಇಂಥ ಪಾಚಿಯ ವಿಷದಿಂದಾಗಿ ಟೊಲೀಡೊ ಪ್ರದೇಶದ ಸುಮಾರು ಐದು ಲಕ್ಷ ಜನ ನಲ್ಲಿಯ ನೀರನ್ನು ಕುಡಿಯದಂತಾಯಿತು. ಕಂಡ ನೀರಿಗೆ ಬಾಯಿಹಾಕುವ, ಈಜಿ ಬಂದು ಮೈ ನೆಕ್ಕುವ ನಾಯಿಗೆ ಅದು ಪ್ರಾಣಾಂತಿಕ. ಪಾಚಿ ಕಂಡ ದಡದಿಂದ ಹಿಂದಿರುಗುವುದೇ ಜಾಣತನ.

ಆದ್ದರಿಂದ ಜಾಗ ಕಾಯ್ದಿರಿಸುವ ಮುನ್ನ ಕೇಳಿ ತಿಳಿಯಬೇಕಾದದ್ದು ನಾಲ್ಕು: ನಾಯಿ ಯಾವ ದಡಕ್ಕೆ ಇಳಿಯಬಹುದು? ಯಾವ ಕಾಲುದಾರಿಯಲ್ಲಿ ನಡೆಯಬಹುದು? ಹಕ್ಕಿಗಳಿಗಾಗಿ ಮುಚ್ಚಿದ ಭಾಗ ಯಾವುದು? ಸಮೀಪದ ಪಶುವೈದ್ಯರು ಎಲ್ಲಿದ್ದಾರೆ? ತಾಣವನ್ನು ತಲುಪಿದೊಡನೆ ಕಾವಲು ಅಧಿಕಾರಿಯನ್ನು ಇನ್ನೊಮ್ಮೆ ವಿಚಾರಿಸುವುದು ಮೇಲು. ಗೂಡುಗಳು ಪ್ರತಿವರ್ಷ ಒಂದೇ ಕಡೆ ಇರುವುದಿಲ್ಲ. ರೇಬೀಸ್ ಲಸಿಕೆಯ ಪತ್ರ, ಕುಡಿಯುವ ನೀರು, ಮಲವನ್ನೆತ್ತಲು ಚೀಲ, ಇಷ್ಟು ಜೊತೆಗಿರಲೇಬೇಕು.

ಮಿಷಿಗನ್ ರಾಜ್ಯದ ಈ ದಡ ಪಶ್ಚಿಮಕ್ಕೆ ಮುಖ ಮಾಡಿದೆ. ಬೇಸಗೆಯ ಸೂರ್ಯ ರಾತ್ರಿ ಒಂಬತ್ತು ದಾಟಿದ ಮೇಲೆ ನೀರಿನಲ್ಲಿಳಿಯುತ್ತಾನೆ. ಅನುಮತಿಯಿರುವ ಮರಳಿನಲ್ಲಿ ಆರಡಿಯ ಹಗ್ಗದ ತುದಿಗೆ ನಾಯಿ ಮಲಗಿರುತ್ತದೆ. ಬೇಲಿಯಾಚೆಯ ಹರಳುಗಳ ನಡುವೆ ಹಕ್ಕಿ ಮೊಟ್ಟೆಗಳ ಮೇಲೆ ಕುಳಿತಿರುತ್ತದೆ. ಆ ಹಗ್ಗದಿಂದ ನಾಯಿಗಾಗುವ ನಷ್ಟ ಅತ್ಯಲ್ಪ. ಹಕ್ಕಿಗಾಗುವ ಲಾಭ ಒಂದು ಪೀಳಿಗೆ.