ಯಂತ್ರ ಹೆಣೆದ ಸರ್ವರ್, ನಾವು ತುಂಬಬೇಕಾದ ತಿರುಳು

ಒಂದು ಕಮಾಂಡ್ ಕೊಟ್ಟರೆ ಒಂದಿಡೀ ವೆಬ್ ಸರ್ವರ್‌ನ ಕೋಡ್ ಕೆಲವೇ ಸೆಕೆಂಡುಗಳಲ್ಲಿ ನಮ್ಮ ಕಂಪ್ಯೂಟರಿನಲ್ಲಿ ಸಿದ್ಧವಾಗುತ್ತದೆ. ಇನ್ನೊಂದೆರಡು ಕಮಾಂಡ್ ಕೊಟ್ಟರೆ ಅದು ಓಡತೊಡಗುತ್ತದೆ. ಪ್ರಶ್ನೆ ಕಳಿಸಿದರೆ ಉತ್ತರವೂ ಬರುತ್ತದೆ. ಆದರೆ ಕ್ರಮಬದ್ಧವಾದ ಯಾವ ಪ್ರಶ್ನೆಗೂ ಉತ್ತರ ಒಂದೇ: ‘ಡು ಸಮ್ ಮ್ಯಾಜಿಕ್!’ ಓಪನ್‌ಎಪಿಐ ಜನರೇಟರ್ ಎಂಬ ತಂತ್ರಾಂಶ ಪೈಥಾನ್ ಭಾಷೆಯಲ್ಲಿ ಫ್ಲಾಸ್ಕ್ ಎಂಬ ಚೌಕಟ್ಟಿನ ಸರ್ವರ್ ಬರೆದುಕೊಡುವಾಗ ಕೋರಿಕೆ ನಿಭಾಯಿಸುವ ಪ್ರತಿ ಫಂಕ್ಷನ್ನಿನ ಒಳಗೂ ಇಟ್ಟುಹೋಗುವ ಸಾಲು ಅದು. ನನ್ನ ಕೆಲಸ ಇಲ್ಲಿಗೆ ಮುಗಿಯಿತು, ಮುಂದಿನದು ನಿಮ್ಮದು ಎಂದು ಯಂತ್ರ ಹೇಳುವ ರೀತಿ ಇದು.

ಫೋನಿನ ಆಪ್ ಒಂದು ರೈಲಿನ ಸಮಯವನ್ನೋ ಖಾತೆಯ ಬಾಕಿಯನ್ನೋ ತೋರಿಸಬೇಕಾದರೆ ದೂರದ ಸರ್ವರನ್ನು ಕೇಳಬೇಕು. ಯಾವ ವಿಳಾಸಕ್ಕೆ ಕೇಳಬೇಕು, ಯಾವ ವಿವರ ಕೊಡಬೇಕು, ಉತ್ತರ ಯಾವ ರೂಪದಲ್ಲಿ ಬರುತ್ತದೆ ಎಂಬ ಕರಾರೇ ಎಪಿಐ. ಬ್ಯಾಂಕಿನ ಚಲನ್ ನೆನೆಯಿರಿ. ಖಾತೆ ಸಂಖ್ಯೆಗೊಂದು ಚೌಕ, ಮೊತ್ತಕ್ಕೊಂದು ಚೌಕ, ಸಹಿಗೊಂದು ಜಾಗ. ಚೌಕ ಖಾಲಿಯಿದ್ದರೆ ಕೌಂಟರಿನಲ್ಲೇ ವಾಪಸು. ಎಪಿಐ ಕೂಡ ಅಂಥದೇ ಅಚ್ಚುಕಟ್ಟನ್ನು ಬಯಸುತ್ತದೆ.

ಈ ಕರಾರನ್ನು ಮನುಷ್ಯರೂ ಯಂತ್ರಗಳೂ ಓದಬಲ್ಲಂತೆ ಬರೆದಿಡುವ ಕ್ರಮವೇ ಓಪನ್‌ಎಪಿಐ. ಇದರ ಮೂಲ ಹೆಸರು ಸ್ವ್ಯಾಗರ್. ವರ್ಡ್‌ನಿಕ್ ಎಂಬ ಆನ್‌ಲೈನ್ ನಿಘಂಟಿನ ಕಂಪನಿಯಲ್ಲಿ ಟೋನಿ ಟ್ಯಾಮ್ ಇದನ್ನು ರೂಪಿಸಿದರು. 2011ರಲ್ಲಿ ಅದು ಹೊರಬಂತು. 2015ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯಕ್ಕೆ ಸೇರಿ, ಮರುವರ್ಷ ಓಪನ್‌ಎಪಿಐ ಎಂಬ ಹೆಸರು ಪಡೆಯಿತು. ಕರಾರಿನಿಂದ ಕೋಡ್ ಹೊರಡಿಸುವ ಆಲೋಚನೆ ಅದಕ್ಕಿಂತಲೂ ಹಳೆಯದು. 1984ರಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದ ಆಂಡ್ರ್ಯೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್, ದೂರದ ಕಂಪ್ಯೂಟರಿನ ಫಂಕ್ಷನ್ನನ್ನು ಪಕ್ಕದಲ್ಲೇ ಇರುವಂತೆ ಕರೆಯುವ ವ್ಯವಸ್ಥೆಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ಎರಡೂ ಕಡೆಗೆ ಬೇಕಾದ ಸಂಪರ್ಕದ ಕೋಡನ್ನು ಅವರ ವ್ಯವಸ್ಥೆಯಲ್ಲಿ ಲ್ಯುಪಿನ್ ಎಂಬ ಪ್ರೋಗ್ರಾಂ ತಾನೇ ಬರೆಯುತ್ತಿತ್ತು. ಆ ಕೋಡಿಗೆ ಅವರು ಬಳಸಿದ ‘ಸ್ಟಬ್’ ಎಂಬ ಹೆಸರು ಇಂದಿಗೂ ಚಾಲ್ತಿಯಲ್ಲಿದೆ.

ಈಗ ಒಂದು ನಿಜವಾದ ಕರಾರನ್ನೇ ನೋಡೋಣ. ಓಪನ್‌ಎಪಿಐ ಕಲಿಯುವವರೆಲ್ಲ ಮೊದಲು ಕಾಣುವ ಮಾದರಿ ‘ಪೆಟ್‌ಸ್ಟೋರ್’, ಸಾಕುಪ್ರಾಣಿಗಳ ಅಂಗಡಿ. ಯಾಮಲ್ ಅಥವಾ ಜೇಸನ್ ರೂಪದ ಒಂದೇ ಕಡತದಲ್ಲಿ ಇಡೀ ಅಂಗಡಿಯ ವ್ಯವಹಾರ ಬರೆದಿದೆ. ಪ್ರಾಣಿಯ ಸಂಖ್ಯೆ ಕೊಟ್ಟು ‘ಗೆಟ್’ ಕೋರಿಕೆ ಕಳಿಸಿದರೆ ಅದರ ವಿವರ ಸಿಗಬೇಕು; ಆ ಸಂಖ್ಯೆ ಪೂರ್ಣಾಂಕವಾಗಿರಬೇಕು; ಅಂಥ ಪ್ರಾಣಿ ಇಲ್ಲದಿದ್ದರೆ 404 ಎಂಬ ಸಂಕೇತ ಬರಬೇಕು. ಹೊಸ ಪ್ರಾಣಿಯನ್ನು ಸೇರಿಸುವಾಗ ಹೆಸರು ಮತ್ತು ಫೋಟೋ ವಿಳಾಸಗಳು ಕಡ್ಡಾಯ.

ಜನರೇಟರ್ ಈ ಕಡತವನ್ನು ಓದಿ ಅದರೊಳಗಿನ ವಿಳಾಸ, ವಿವರ, ನಿಯಮಗಳನ್ನೆಲ್ಲ ಬಿಡಿಸಿ ಪಟ್ಟಿ ಮಾಡಿಕೊಳ್ಳುತ್ತದೆ. ಬಳಿಕ ಆ ಪಟ್ಟಿಯನ್ನು ‘ಮಸ್ಟ್ಯಾಶ್’ ಎಂಬ ಟೆಂಪ್ಲೇಟ್‌ಗಳಿಗೆ ಸುರಿಯುತ್ತದೆ. ಪೈಥಾನ್, ಜಾವಾ, ಗೋ ಎಂದು ಹತ್ತಾರು ಭಾಷೆಗಳಿಗೆ ಪ್ರತ್ಯೇಕ ಟೆಂಪ್ಲೇಟ್‌ಗಳಿವೆ. ಟೆಂಪ್ಲೇಟಿನಲ್ಲಿ ಖಾಲಿ ಬಿಟ್ಟ ಜಾಗಗಳಿಗೆ ಹೆಸರುಗಳು ಕೂತು ಕೋಡ್ ತಯಾರಾಗುತ್ತದೆ. ಇದರಲ್ಲಿ ಊಹೆಗೆ ಜಾಗವಿಲ್ಲ. ಅದೇ ಕರಾರು, ಅದೇ ಆವೃತ್ತಿಯ ಜನರೇಟರ್, ಅದೇ ಆಯ್ಕೆಗಳನ್ನು ಕೊಟ್ಟರೆ ಅದೇ ಕೋಡ್ ಬರುತ್ತದೆ. ಚಾಟ್‌ಬಾಟ್ ಬರೆದುಕೊಡುವ ಕೋಡಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಹೊರಬಂದ ಫೋಲ್ಡರಿನಲ್ಲಿ ಪ್ರಾಣಿ, ಆರ್ಡರ್, ಬಳಕೆದಾರ ಮುಂತಾದವುಗಳ ‘ಮಾಡೆಲ್’ ಕಡತಗಳು, ಕೋರಿಕೆಗಳನ್ನು ನಿಭಾಯಿಸುವ ‘ಕಂಟ್ರೋಲರ್’ ಕಡತಗಳು, ಬೇಕಾದ ಲೈಬ್ರರಿಗಳ ಪಟ್ಟಿ, ಪರೀಕ್ಷೆಯ ಕೋಡ್, ಡಾಕರ್ ಕಡತ ಎಲ್ಲವೂ ಇರುತ್ತವೆ. ಲೈಬ್ರರಿಗಳನ್ನು ಇನ್‌ಸ್ಟಾಲ್ ಮಾಡಿ ಚಾಲೂ ಮಾಡಿದರೆ ಸರ್ವರ್ ನಮ್ಮ ಕಂಪ್ಯೂಟರಿನ 8080ನೇ ಪೋರ್ಟಿನಲ್ಲಿ ಕಿವಿಗೊಟ್ಟು ಕೂರುತ್ತದೆ. ಹೆಸರಿಲ್ಲದ ಪ್ರಾಣಿಯನ್ನು ಸೇರಿಸಲು ಹೋದರೆ, ಹೆಸರು ಕಡ್ಡಾಯ ಎಂದು 400 ಸಂಕೇತದೊಡನೆ ವಾಪಸು ಕಳಿಸುತ್ತದೆ. ಈ ತಪಾಸಣೆಗೆ ನಾವು ಒಂದು ಸಾಲನ್ನೂ ಬರೆದಿಲ್ಲ. ಕನೆಕ್ಷನ್ ಎಂಬ ಲೈಬ್ರರಿ ಕರಾರನ್ನು ನೋಡಿಕೊಂಡೇ ಅದನ್ನು ಮಾಡುತ್ತದೆ.

ತಿರುಳು ಇನ್ನೂ ಬಾಕಿಯಿದೆ. ಪ್ರಾಣಿ ಇಲ್ಲದಿದ್ದರೆ 404 ಎಂದು ಕರಾರಿನಲ್ಲಿದೆ, ನಿಜ. ಆದರೆ ಪ್ರಾಣಿ ಇದೆಯೋ ಇಲ್ಲವೋ ಎಂಬುದನ್ನು ಎಲ್ಲಿ ನೋಡಬೇಕು? ಡೇಟಾಬೇಸ್ ಯಾವುದು? ಮಾರಾಟವಾದ ಪ್ರಾಣಿಯನ್ನು ತೋರಿಸಬೇಕೇ, ಬೇಡವೇ? ಕರಾರಿಗೆ ಇವು ಗೊತ್ತಿಲ್ಲ, ಹಾಗಾಗಿ ಜನರೇಟರಿಗೂ ಗೊತ್ತಿಲ್ಲ. ಪ್ರೋಗ್ರಾಮರ್ ಆ ‘ಮ್ಯಾಜಿಕ್’ ಸಾಲನ್ನು ಅಳಿಸಿ, ಡೇಟಾಬೇಸಿನಲ್ಲಿ ಹುಡುಕುವ, ಲೆಕ್ಕ ಹಾಕುವ, ತೀರ್ಮಾನಿಸುವ ಕೋಡನ್ನು ಅಲ್ಲಿ ಬರೆಯಬೇಕು.

ಎಚ್ಚರ ತಪ್ಪಬಾರದ ಜಾಗಗಳೂ ಇವೆ. ಮೊದಲನೆಯದು ಭದ್ರತೆ. ಕೀ (ಗುರುತಿನ ಸಂಕೇತ) ಇಲ್ಲದೆ ಪ್ರವೇಶವಿಲ್ಲ ಎಂದು ಕರಾರು ಹೇಳಿದರೆ ಸರ್ವರ್ ಕೀಯನ್ನು ಕೇಳುತ್ತದೆ, ಆದರೆ ಅದು ಸರಿಯೇ ಎಂದು ಪರಿಶೀಲಿಸುವ ಫಂಕ್ಷನ್ನೂ ಬರೀ ಖಾಲಿ ಚೌಕಟ್ಟು. ಯಾವ ಕೀ ಕೊಟ್ಟರೂ ಅದು ಒಬ್ಬ ನಕಲಿ ಬಳಕೆದಾರನ ಗುರುತು ಕೊಟ್ಟು ಒಳಗೆ ಬಿಡುತ್ತದೆ. ಅದನ್ನು ಹಾಗೆಯೇ ಬಿಟ್ಟು ಸರ್ವರನ್ನು ಅಂತರ್ಜಾಲಕ್ಕೆ ತೆರೆದರೆ, ಬಾಗಿಲಿಗೆ ಬೀಗವಿದ್ದೂ ಇಲ್ಲದ ಹಾಗೆ. ಎರಡನೆಯದು ಉತ್ತರಗಳ ತಪಾಸಣೆ. ಒಳಬರುವ ಕೋರಿಕೆಯನ್ನು ಕನೆಕ್ಷನ್ ಪರೀಕ್ಷಿಸುತ್ತದೆಯೇ ಹೊರತು ಹೊರಹೋಗುವ ಉತ್ತರವನ್ನು ತಾನಾಗಿ ಪರೀಕ್ಷಿಸುವುದಿಲ್ಲ. ಪ್ರಾಣಿಯ ವಿವರ ಕೊಡಬೇಕಾದ ಕಡೆ ‘ಡು ಸಮ್ ಮ್ಯಾಜಿಕ್!’ ಎಂದು ಸಲೀಸಾಗಿ ಹೊರಬರುವುದೇ ಅದಕ್ಕೆ ಸಾಕ್ಷಿ. ಉತ್ತರದ ತಪಾಸಣೆಯನ್ನು ನಾವೇ ಆನ್ ಮಾಡಿಕೊಳ್ಳಬೇಕು.

ಮೂರನೆಯದು ಮರುಸೃಷ್ಟಿ. ಕರಾರು ಬದಲಾದಾಗ ಜನರೇಟರನ್ನು ಮತ್ತೆ ಓಡಿಸಬೇಕಾಗುತ್ತದೆ. ಆಗ ಅದು ಹಳೆಯ ಕಡತಗಳ ಮೇಲೆಯೇ ಹೊಸದನ್ನು ಬರೆದರೆ ನಾವು ಕೂತು ತುಂಬಿದ ಕೋಡ್ ಅಳಿಸಿಹೋಗುತ್ತದೆ. ಮುಟ್ಟಬಾರದ ಕಡತಗಳನ್ನು ಹೆಸರಿಸಲೆಂದೇ ಒಂದು ‘ಇಗ್ನೋರ್’ ಪಟ್ಟಿಯನ್ನು ಜನರೇಟರ್ ಇಟ್ಟಿರುತ್ತದೆ. ಅನುಭವಸ್ಥರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮ ಕೋಡನ್ನು ಬೇರೆ ಫೋಲ್ಡರಿನಲ್ಲಿಟ್ಟು ಕಂಟ್ರೋಲರಿನಿಂದ ಅದನ್ನು ಕರೆಯುತ್ತಾರಷ್ಟೆ. ಇನ್ನು, ಫ್ಲಾಸ್ಕ್ ಜೊತೆಗೆ ಬರುವ ಪುಟ್ಟ ಸರ್ವರ್ ಅಭ್ಯಾಸಕ್ಕೆ ಮಾತ್ರ. ಸಾರ್ವಜನಿಕ ಬಳಕೆಗೆ ಗನಿಕಾರ್ನ್‌ನಂಥ ಸರ್ವರ್, ಅದರ ಮುಂದೆ ನಿಂತು ಕೋರಿಕೆಗಳನ್ನು ಬರಮಾಡಿಕೊಳ್ಳುವ ಎನ್‌ಜಿನ್ಎಕ್ಸ್, ಜೊತೆಗೆ ಎಚ್‌ಟಿಟಿಪಿಎಸ್ ಪ್ರಮಾಣಪತ್ರ ಬೇಕು.

ಇಷ್ಟೆಲ್ಲ ನಾವೇ ಮಾಡಬೇಕಾದರೆ ಜನರೇಟರಿನಿಂದ ಏನು ಲಾಭ? ಟೈಪಿಂಗ್ ಉಳಿಯುವುದು ಸಣ್ಣ ಲಾಭ. ಸರ್ವರ್ ಬರೆಯುವ ತಂಡ, ಆಪ್ ಬರೆಯುವ ತಂಡ, ಕೈಪಿಡಿ ಬರೆಯುವವರು ಎಲ್ಲರೂ ಒಂದೇ ಕಡತಕ್ಕೆ ಬದ್ಧರಾಗುವುದು ದೊಡ್ಡ ಲಾಭ. ಅದೇ ಕರಾರಿನಿಂದ ಆಪ್‌ನ ಕಡೆಯ ಕೋಡೂ ಹುಟ್ಟುತ್ತದೆ, ಕೈಪಿಡಿಯ ಪುಟಗಳೂ ಹುಟ್ಟುತ್ತವೆ. ಒಂದು ಕಡೆ ‘ಹೆಸರು’, ಇನ್ನೊಂದು ಕಡೆ ‘ಪೂರ್ಣಹೆಸರು’ ಎಂದು ಬರೆದುಕೊಂಡು ದಿನಗಟ್ಟಲೆ ದೋಷ ಹುಡುಕುವ ಪಾಡು ತಪ್ಪುತ್ತದೆ.

ಹಾಗಾಗಿ ಈ ದಾರಿ ಹಿಡಿಯುವವರು ಕೋಡಿಗಿಂತ ಮೊದಲು ಕರಾರಿಗೆ ಸಮಯ ಕೊಡಬೇಕು. ಯಾವುದು ಕಡ್ಡಾಯ, ಯಾವುದು ಐಚ್ಛಿಕ, ತಪ್ಪಾದಾಗ ಏನು ಹೇಳಬೇಕು ಎಂಬುದನ್ನು ಕೂತು ಚರ್ಚಿಸಿ ಬರೆಯಬೇಕು. ಕರಾರು ಸೊಟ್ಟಗಿದ್ದರೆ ಯಂತ್ರ ಅದೇ ಸೊಟ್ಟನ್ನು ಎಲ್ಲ ಭಾಷೆಗಳಲ್ಲೂ ನಿಷ್ಠೆಯಿಂದ ಬರೆದುಕೊಡುತ್ತದೆ.