ಬಳಸಿದ ಸೂಜಿ ಎಲ್ಲಿಗೆ ಹೋಗುತ್ತೆ?

2009. ಗುಜರಾತಿನ ಮೊಡಾಸಾ. ಆ ಊರಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಪ್ರಾಣ ಬಿಟ್ಟರು. ತನಿಖೆಯಲ್ಲಿ ಹೊರಬಿದ್ದದ್ದು ಬಳಸಿದ ಸಿರಿಂಜುಗಳ ವಿಷಯ. ನಾಶವಾಗಬೇಕಿದ್ದ ಸಿರಿಂಜು ಗುಜರಿ ಸೇರಿ, ಮತ್ತೆ ಮಾರಾಟಕ್ಕೆ ಬಂದಿತ್ತು.

ಆಸ್ಪತ್ರೆ ಕಸವೆಲ್ಲ ಅಪಾಯದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸುಮಾರು ಶೇ. 85ರಷ್ಟು ಮಾಮೂಲಿ ಕಸವೇ. ಉಳಿದ ಶೇ. 15 ಅದರಲ್ಲಿ ಬೆರೆತರೆ ಇಡೀ ರಾಶಿ ಕೆಟ್ಟಿತು. ಹಾಗಾಗಿ ಬೇರ್ಪಡಿಸೋ ಕೆಲಸ ರೋಗಿಯ ಹಾಸಿಗೆ ಪಕ್ಕದಲ್ಲೇ ಆಗಬೇಕು.

ನಮ್ಮ ದೇಶದ 2016ರ ನಿಯಮದಲ್ಲಿ ಹೀಗೆ ಬೇರ್ಪಡಿಸೋಕೆ ನಾಲ್ಕು ಬಣ್ಣ ಇವೆ. ರಕ್ತ ಮೆತ್ತಿದ ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ, ಅದನ್ನು ಸುಡುತ್ತಾರೆ. ಡ್ರಿಪ್ ನಳಿಕೆ, ಗ್ಲೌಸು ಕೆಂಪು ಚೀಲಕ್ಕೆ. ಹಬೆಯಲ್ಲಿ ಸೋಂಕು ತೆಗೆದು ಚೂರು ಮಾಡುತ್ತಾರೆ. ಗಾಜು ನೀಲಿಗೆ. ಸೂಜಿ, ಬ್ಲೇಡು ಮಾತ್ರ ತೂತು ಬೀಳದ ಬಿಳಿ ಡಬ್ಬಿಗೇ ಹೋಗಬೇಕು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕೋಕೆ ಹೋಗಲೇಬಾರದು. ನರ್ಸುಗಳ ಬೆರಳಿಗೆ ಎಷ್ಟೋ ಸಲ ಚುಚ್ಚೋದು ಆಗಲೇ. ಸಂಸ್ಕರಿಸದ ಕಸವನ್ನು ಸಾಮಾನ್ಯವಾಗಿ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ.

ನಿಯಮ ಚೆನ್ನಾಗಿಯೇ ಇದೆ. ಆದರೆ ತಪ್ಪು ಚೀಲಕ್ಕೆ ಬಿದ್ದ ಒಂದು ಸೂಜಿ ಕೊನೆಗೆ ಚುಚ್ಚೋದು ಕಸ ಎತ್ತುವವರ ಕೈಗೆ. ಇದು ಅನ್ಯಾಯ.

ಮನೆಯಲ್ಲಿ ಇನ್ಸುಲಿನ್ ತಗೊಳ್ತೀರಾ? ಸೂಜಿಯನ್ನು ಕಸದ ಬುಟ್ಟಿಗೆ ಎಸೀಬೇಡಿ. ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಮೇಲೆ ‘ಸೂಜಿ ಇದೆ’ ಅಂತ ದೊಡ್ಡದಾಗಿ ಬರೆದು, ಪೌರಕಾರ್ಮಿಕರಿಗೆ ಹೇಳಿ ಬೇರೆಯಾಗಿಯೇ ಕೊಡಿ.